ಅರಳು ಹುರಿದಂತೆ ಮಾತು, ಕಳೆಯುವ ಲೆಕ್ಕ ಮಾತ್ರ ಬಾರದು

ಓದುಗರ ಪ್ರಶ್ನೆ, ವೈದ್ಯ ಬಳಗದ ಉತ್ತರ

ತಲೆಬುರುಡೆಯೊಳಗೆ ಒತ್ತಡ ಏರಿದ ಮಕ್ಕಳ ಓದು, ನೆನಪು, ಲೆಕ್ಕದ ಬಗ್ಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ. ಊರಿನ ಹೆಸರು ಮಾತ್ರ ಉಳಿಸಿಕೊಂಡಿದ್ದೇವೆ.

ಮಗನಿಗೆ ನಾಲ್ಕು ತಿಂಗಳಿದ್ದಾಗ ತಲೆಯಲ್ಲಿ ನೀರು ತುಂಬಿದೆ ಅಂತ ಷಂಟ್ ಹಾಕಿದರು. ಈಗ ಎಂಟು ವರ್ಷ, ಮೂರನೇ ಕ್ಲಾಸು. ಮಾತು ಅರಳು ಹುರಿದ ಹಾಗೆ. ಪದ್ಯ ಎರಡು ಸಲ ಕೇಳಿದರೆ ಒಪ್ಪಿಸುತ್ತಾನೆ. ಆದರೆ ಕಳೆಯುವ ಲೆಕ್ಕ ಬರುವುದಿಲ್ಲ, ಅಂಗಿ ಗುಂಡಿ ಹಾಕಲು ಕಾಲು ಗಂಟೆ ಬೇಕು, ನಮ್ಮ ಬೀದಿಯಲ್ಲೇ ದಾರಿ ತಪ್ಪುತ್ತಾನೆ. ಟೀಚರ್ ಸೋಮಾರಿ ಅನ್ನುತ್ತಾರೆ. ಐಕ್ಯೂ ಕಡಿಮೆ ಇದೆಯಾ?
— ಒಬ್ಬ ತಾಯಿ, ಚಿಕ್ಕಮಗಳೂರು

ಸೋಮಾರಿತನ ಅಲ್ಲವೇ ಅಲ್ಲ. ಷಂಟ್ (ತುಂಬಿದ ನೀರನ್ನು ತಲೆಯಿಂದ ಹೊಟ್ಟೆಗೆ ಇಳಿಸುವ ಕೊಳವೆ) ವಿಷಯ ನೀವು ಬರೆಯದೇ ಇದ್ದಿದ್ದರೂ, ಉಳಿದದ್ದನ್ನು ಓದಿದ ಮೇಲೆ ನಾವೇ ಅದನ್ನು ಕೇಳುತ್ತಿದ್ದೆವು. ಅಷ್ಟು ಪರಿಚಿತ ಚಿತ್ರ ಇದು.

ಮಿದುಳಿನೊಳಗೆ ನಾಲ್ಕು ಕೋಣೆಗಳಿವೆ. ಅಲ್ಲಿ ತಿಳಿನೀರಿನಂಥ ದ್ರವ ಹುಟ್ಟಿ, ಸಣ್ಣ ದಾರಿಗಳಲ್ಲಿ ಹರಿದು, ಮಿದುಳಿನ ಹೊರಮೈ ಸುತ್ತಿ ರಕ್ತಕ್ಕೆ ಸೇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ಹುಟ್ಟುತ್ತದೆ, ಯಾವುದೇ ಹೊತ್ತಿನಲ್ಲಿ ಒಳಗಿರುವುದು 150 ಮಿ.ಲೀ. ಆಸುಪಾಸು. ಮೂರನೇ ಕೋಣೆಯಿಂದ ನಾಲ್ಕನೆಯದಕ್ಕೆ ಇಳಿಯುವ ದಾರಿಯ ಅಗಲ ಒಂದೆರಡು ಮಿ.ಮೀ. ಅಷ್ಟೆ. ತೋಟದ ಬಸಿಗಾಲುವೆಗೆ ಕಸ ಕಟ್ಟಿಕೊಂಡರೆ ಮೇಲಿನ ಪಟ್ಟಿಯೆಲ್ಲ ಜೌಗಾಗುವ ಹಾಗೆ, ಅಲ್ಲಿ ಅಡ್ಡಿಯಾದರೆ ಮೇಲಿನ ಕೋಣೆಗಳು ಹಿಗ್ಗುತ್ತವೆ. ಹಿಗ್ಗುವುದು ಎಲ್ಲ ಕಡೆಗೂ ಒಂದೇ ಸಮ ಅಲ್ಲ, ತಲೆಯ ಹಿಂಭಾಗಕ್ಕೆ ಹೆಚ್ಚು. ಕೋಣೆಯ ಗೋಡೆಗೆ ಅಂಟಿಕೊಂಡಿರುವುದು ಮಿದುಳಿನ ಬಿಳಿ ಭಾಗ, ಅಂದರೆ ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಒಯ್ಯುವ ಉದ್ದನೆಯ ತಂತುಗಳು. ಅವು ಎಳೆದು ತೆಳುವಾಗುತ್ತವೆ. ಎಡ ಮಿದುಳನ್ನೂ ಬಲ ಮಿದುಳನ್ನೂ ಬೆಸೆಯುವ ಪಟ್ಟಿ ಈ ಕೋಣೆಗಳ ಸೂರಿನ ಮೇಲೇ ಇರುವುದರಿಂದ ಅದಕ್ಕೂ ಪೆಟ್ಟು. ಹಿಂಬದಿಯ ಮೇಲ್ಭಾಗದಲ್ಲಿ ಜಾಗ, ದಿಕ್ಕು, ಅಳತೆ, ಅಂಕಿ ನೋಡಿಕೊಳ್ಳುವ ಕೆಲಸ ನಡೆಯುತ್ತದೆ. ಅದಕ್ಕೆ ಹೋಲಿಸಿದರೆ ಪದ, ವ್ಯಾಕರಣ, ಬಾಯಿಪಾಠ ಬಚಾವಾಗುತ್ತವೆ.

ಆದ್ದರಿಂದ ಇಂಥ ಮಕ್ಕಳಲ್ಲಿ ‘ಬುದ್ಧಿ’ ಎಂಬುದನ್ನು ಒಂದೇ ಮುದ್ದೆಯಾಗಿ ನೋಡಬೇಡಿ. ಮುಖ್ಯವಾಗಿ ಹಿಂದುಳಿಯುವುದು ಕೆಲಸದ ವೇಗ, ಗಮನ, ಲೆಕ್ಕ, ದಿಕ್ಕಿನ ಅರಿವು, ಮತ್ತು ‘ಮೊದಲು ಇದು, ಆಮೇಲೆ ಅದು’ ಎಂದು ಜೋಡಿಸಿಕೊಳ್ಳುವ ಶಕ್ತಿ. ಗುಂಡಿ ಹಾಕುವುದು ತಡವಾಗುವುದಕ್ಕೂ ದಾರಿ ತಪ್ಪುವುದಕ್ಕೂ ಬೇರು ಇಲ್ಲೇ ಇದೆ.

ಒಂದು ಕೆಲಸ ಮಾಡಿ. ಅವನ ಲೆಕ್ಕದ ಪುಸ್ತಕ ತೆಗೆದು 52ರಲ್ಲಿ 27 ಕಳೆಯುವಂಥ ಲೆಕ್ಕ ಹುಡುಕಿ. ಉತ್ತರ 35 ಅಂತ ಬರೆದಿದ್ದರೆ ಅವನು ಎರಡೂ ಸಾಲಿನಲ್ಲಿ ಚಿಕ್ಕದನ್ನು ದೊಡ್ಡದರಿಂದ ಕಳೆದಿದ್ದಾನೆ. ಅಂದರೆ ದಶಕ ಬಿಡಿಸುವ ಹೆಜ್ಜೆ ತಪ್ಪಿದೆ. ಕೆಳಗಿನ 2 ಜಾರಿ ಮೇಲಿನ ಬಿಡಿ ಸ್ಥಾನದ ಕೆಳಗೆ ಬಂದು, 7 ಹೊರಗೆ ಉಳಿದಿದ್ದರೆ ತೊಂದರೆ ಗಣಿತದ್ದಲ್ಲ, ಕಾಗದದ ಮೇಲೆ ಅಂಕಿಗಳನ್ನು ಸಾಲಾಗಿ ನಿಲ್ಲಿಸುವುದರದ್ದು. ಅದೇ ಲೆಕ್ಕವನ್ನು ಹತ್ತು ರೂಪಾಯಿ ನೋಟು, ಒಂದು ರೂಪಾಯಿ ನಾಣ್ಯ ಕೊಟ್ಟು ಮಾಡಿಸಿ. ಕೈಯಲ್ಲಿ ಸರಿಯಾಗಿ ಬಂದು ಕಾಗದದಲ್ಲಿ ತಪ್ಪಿದರೆ ನಿಮಗೆ ಉತ್ತರ ಸಿಕ್ಕಿತು: ಚೌಕಳಿ ಗೆರೆಯ ಪುಸ್ತಕ ತಂದು, ಒಂದು ಚೌಕಕ್ಕೆ ಒಂದೇ ಅಂಕಿ ಬರೆಸಿ. ನಾಣ್ಯದಲ್ಲೂ ತಪ್ಪಿದರೆ ಹಿಂದಕ್ಕೆ ಹೋಗಿ, ಹತ್ತರ ಕಟ್ಟು ಬಿಡಿಸುವುದನ್ನೇ ವಾರಗಟ್ಟಲೆ ಮಾಡಿಸಬೇಕಾಗುತ್ತದೆ.

ದಾರಿಗೆ ಅವನ ಬಲವನ್ನೇ ಬಳಸಿಕೊಳ್ಳಿ. ನಕ್ಷೆ ಬೇಡ, ಪದ್ಯ ಸಾಕು: ‘ಅರಳಿಕಟ್ಟೆ ದಾಟಿ, ಗಿರಣಿ ಬಲಕ್ಕೆ, ನೀಲಿ ಗೇಟು ನಮ್ಮದು.’ ಬಾಯಲ್ಲಿ ಇದ್ದದ್ದು ಅವನಿಗೆ ತಪ್ಪುವುದಿಲ್ಲ.

ಮಾತಿನ ವಿಷಯದಲ್ಲಿ ಮಾತ್ರ ಹುಷಾರು. ಈ ಮಕ್ಕಳ ಮಾತಿನ ಓಘ ಕೇಳಿದವರಿಗೆ ‘ಇವನಿಗೇನಾಗಿದೆ, ಚುರುಕಾಗಿದ್ದಾನಲ್ಲ’ ಎನ್ನಿಸುತ್ತದೆ. ಕಥೆ ಓದಿಸಿ, ‘ಕಾಗೆ ಯಾಕೆ ಕಲ್ಲು ಹಾಕಿತು?’ ಅಂತ ಕೇಳಿ ನೋಡಿ. ಓದುವುದು ಗಡಗಡ ಬಂದಿರುತ್ತದೆ, ‘ಯಾಕೆ’ ಎಂಬಲ್ಲಿ ಮಾತು ಬೇರೆ ಕಡೆ ಹರಿಯುತ್ತದೆ. ಅರಳುವ ಮಾತಿನ ಹಿಂದೆ ಕಷ್ಟ ಮರೆಯಾಗಿ, ಐದನೇ ಕ್ಲಾಸಿನ ಹೊತ್ತಿಗೆ ಪಾಠ ದಪ್ಪವಾದಾಗ ಒಮ್ಮೆಲೇ ಕಾಣಿಸಿಕೊಳ್ಳುವುದುಂಟು.

ಐಕ್ಯೂ ಪರೀಕ್ಷೆ ಮಾಡಿಸಿ, ಆದರೆ ಒಂದೇ ಸಂಖ್ಯೆ ಹಿಡಿದು ಮನೆಗೆ ಬರಬೇಡಿ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಮ್ಯಾಲಿನ್ ಪರೀಕ್ಷೆಯಲ್ಲಿ ಮಾತಿನ ಭಾಗ ಬೇರೆ, ಕೈಕೆಲಸದ ಭಾಗ ಬೇರೆ. ಮಾತಿನದು 98, ಕೈಕೆಲಸದ್ದು 70 ಬಂದರೆ ಸರಾಸರಿ 84 ಎಂಬುದು ಆ ಮಗುವಿನ ಯಾವ ಭಾಗಕ್ಕೂ ಸೇರದ ಸಂಖ್ಯೆ. ಪ್ರತಿ ಉಪಪರೀಕ್ಷೆಯ ಅಂಕವನ್ನೂ ವರದಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆ ಮಗುವಿನ ಮನೆಮಾತಿನಲ್ಲೇ ಆಗಲಿ. ಅದಕ್ಕೂ ಮೊದಲು ಕಣ್ಣು ತೋರಿಸಿ. ಮೆಳ್ಳೆಗಣ್ಣು, ಕನ್ನಡಕದ ತೊಂದರೆ ಈ ಮಕ್ಕಳಲ್ಲಿ ಹೆಚ್ಚು. ಫಿಟ್ಸ್‌ಗೆ ಫಿನೋಬಾರ್ಬಿಟೋನ್ ಕೊಡುತ್ತಿದ್ದರೆ ಅದೂ ಮಗುವನ್ನು ನಿಧಾನ ಮಾಡುತ್ತದೆ. ಬದಲಿ ಇದೆಯೇ ಎಂದು ಕೇಳಿ, ನೀವಾಗಿ ನಿಲ್ಲಿಸಬೇಡಿ.

ಸ್ಕ್ಯಾನ್ ನೋಡಿ ಎದೆಗುಂದುವವರಿಗೆ ಒಂದು ಮಾತು. ಷಂಟ್ ಆದ ಮೇಲೆ ಕೋಣೆಗಳು ಎಷ್ಟು ದೊಡ್ಡದಾಗಿ ಉಳಿದಿವೆ ಎಂಬುದರಿಂದ ಮಗು ಎಷ್ಟು ಕಲಿಯುತ್ತದೆ ಎಂದು ಹೇಳಲಾಗದು. ಹೆಚ್ಚು ಲೆಕ್ಕಕ್ಕೆ ಬರುವುದು ನೀರು ತುಂಬಿದ್ದರ ಕಾರಣ (ಟಿಬಿ ಮಿದುಳುಪೊರೆಯ ಉರಿಯೂತ, ಅವಧಿಗೆ ಮೊದಲೇ ಹುಟ್ಟಿದಾಗಿನ ರಕ್ತಸ್ರಾವ, ಹುಟ್ಟಿನಿಂದಲೇ ಕಿರಿದಾದ ದಾರಿ, ಇವೆಲ್ಲ ಒಂದೇ ಅಲ್ಲ), ಒತ್ತಡ ಎಷ್ಟು ದಿನ ಇತ್ತು, ಷಂಟ್‌ಗೆ ಸೋಂಕು ತಗುಲಿತ್ತೇ, ಫಿಟ್ಸ್ ಇದೆಯೇ ಎಂಬ ಸಂಗತಿಗಳು.

ನಮ್ಮ ಸರ್ಕಾರಿ ಶಾಲೆಯಲ್ಲಿ ಷಂಟ್ ಇರುವ ಒಬ್ಬ ಹುಡುಗಿ ಇದ್ದಾಳೆ, ಆರನೇ ತರಗತಿ. ತರಗತಿಯಲ್ಲಿ ಏನು ಬದಲಾಯಿಸಬಹುದು? ಆಟಕ್ಕೆ ಬಿಡಬಹುದೇ? ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿ ಇದೆಯೇ?
— ಶಿಕ್ಷಕರು, ಕಡೂರು

ಬೋರ್ಡಿನಿಂದ ಬರೆದುಕೊಳ್ಳುವುದನ್ನು ಮೊದಲು ಕಡಿಮೆ ಮಾಡಿ. ಬೋರ್ಡು ನೋಡಿ, ನೆನಪಿಟ್ಟು, ತಲೆ ತಗ್ಗಿಸಿ, ಬಿಟ್ಟ ಜಾಗ ಹುಡುಕಿ ಬರೆಯುವ ಹೊತ್ತಿಗೆ ನೀವು ಒರೆಸಿರುತ್ತೀರಿ. ಪಕ್ಕದವರ ಪುಸ್ತಕದ ಜೆರಾಕ್ಸ್ ಸಾಕು. ಮುಂದಿನ ಸಾಲಿನ ನಡುವೆ ಕೂರಿಸಿ. ‘ಪುಸ್ತಕ ತೆಗೆದು, 42ನೇ ಪುಟದ ಮೂರನೇ ಲೆಕ್ಕ ಮಾಡಿ, ತಂದು ತೋರಿಸು’ ಎಂಬುದು ಅವಳಿಗೆ ನಾಲ್ಕು ಅಪ್ಪಣೆ; ಒಂದೊಂದೇ ಹೇಳಿ. ಹತ್ತು ಲೆಕ್ಕದ ಬದಲು ಅದೇ ಬಗೆಯ ನಾಲ್ಕು ಕೊಡಿ. ವಿಜ್ಞಾನ, ಸಮಾಜದಲ್ಲಿ ಬಾಯಲ್ಲಿ ಪ್ರಶ್ನೆ ಕೇಳಿದರೆ ಅಂಕ ಏರುವುದನ್ನು ನೀವೇ ನೋಡುತ್ತೀರಿ.

ಆಟಕ್ಕೆ ಬಿಡಿ. ಓಟ, ಖೋಖೋ, ಈಜು ಯಾವುದಕ್ಕೂ ಷಂಟ್ ಅಡ್ಡಿಯಲ್ಲ. ತಲೆಗೆ, ಕತ್ತಿಗೆ ನೇರ ಪೆಟ್ಟು ಬೀಳುವ ಬಾಕ್ಸಿಂಗ್, ಕುಸ್ತಿ ಬೇಡ. ಕಬಡ್ಡಿ ಆಡಬಹುದೇ ಎಂಬುದನ್ನು ಅವಳ ನ್ಯೂರೋಸರ್ಜನ್ ಹೇಳಲಿ.

ರಿಯಾಯಿತಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಆಧಾರ. ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನು ಕಾಯ್ದೆ ಹೆಸರಿಸಿಯೇ ಹೇಳುತ್ತದೆ. ಬೌದ್ಧಿಕ ನ್ಯೂನತೆಯೂ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರ ಪಟ್ಟಿಯಲ್ಲಿವೆ. ಶೇಕಡಾ 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರ ಇದ್ದರೆ ಸೌಲಭ್ಯಗಳ ಬಾಗಿಲು ಹೆಚ್ಚು ತೆರೆಯುತ್ತದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ, ಜಿಲ್ಲಾ ಆಸ್ಪತ್ರೆಯ ತಪಾಸಣೆ, ಪರೀಕ್ಷಾ ಮಂಡಳಿಗೆ ಕಾಗದ ಇವೆಲ್ಲ ಮುಗಿಯಲು ತಿಂಗಳುಗಳೇ ಬೇಕು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದವರು ಕೈಸುಟ್ಟುಕೊಳ್ಳುತ್ತಾರೆ. ಒಂಬತ್ತರಲ್ಲೇ ಶುರು ಮಾಡಿ.

ನಿಮ್ಮಿಂದ ಮಾತ್ರ ಆಗುವ ಕೆಲಸ ಇನ್ನೊಂದಿದೆ. ಪ್ರತಿ ಸೋಮವಾರ ಅವಳಿಂದ ಅದೇ ಐದು ಸಾಲು ಬರೆಸಿ, ತಾರೀಖು ಮತ್ತು ಹಿಡಿದ ನಿಮಿಷ ಗುರುತು ಹಾಕಿ ಇಡಿ. ಷಂಟ್ ನಿಧಾನವಾಗಿ ಕಟ್ಟಿಕೊಳ್ಳುವಾಗ ತಲೆನೋವಿಗಿಂತ ಮೊದಲೇ ಅಕ್ಷರ ಕೆಡುವುದು, ಮಂಕಾಗುವುದು, ಬಂದ ಪಾಠ ಹೋಗುವುದು ಕಾಣಿಸಬಹುದು. ಆರು ನಿಮಿಷದ ಬರಹಕ್ಕೆ ಹತ್ತು ನಿಮಿಷ ಬೇಕಾಗಿ, ಒತ್ತಕ್ಷರಗಳು ಸಾಲು ಬಿಟ್ಟು ಕೆಳಗಿಳಿದು, ಹಾಗೆಯೇ ಎರಡು ಸೋಮವಾರ ಕಳೆದರೆ ತಂದೆತಾಯಿಗೆ ಆ ಪುಟಗಳನ್ನೇ ಕೊಟ್ಟು ಆಸ್ಪತ್ರೆಗೆ ಕಳಿಸಿ. ‘ಇತ್ತೀಚೆಗೆ ಓದುತ್ತಿಲ್ಲ’ ಎಂಬ ಮಾತಿಗಿಂತ ಆ ನಾಲ್ಕು ಪುಟ ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಮಗಳಿಗೆ ಷಂಟ್ ಇದೆ. ತಲೆನೋವು ಬಂದಾಗಲೆಲ್ಲ ಷಂಟ್ ಕೆಟ್ಟಿತೇನೋ ಎಂಬ ಭಯ. ಮಳೆಗಾಲದಲ್ಲಿ ರಾತ್ರಿ ಹೊತ್ತು ಏನಾದರೂ ಆದರೆ ಏನು ಮಾಡುವುದು?
— ಒಬ್ಬ ತಂದೆ, ಮೂಡಿಗೆರೆ

ಷಂಟ್ ಕೆಡುವುದು ಅಪರೂಪವಲ್ಲ. ಹಾಕಿದ ಮೊದಲ ವರ್ಷದಲ್ಲೇ ಹತ್ತರಲ್ಲಿ ಮೂರ್ನಾಲ್ಕು ಮತ್ತೆ ಆಪರೇಷನ್ ಕೇಳುತ್ತವೆ. ಅದರ ಭಾಗಗಳು ಮೂರು: ಮಿದುಳಿನ ಕೋಣೆಯಲ್ಲಿರುವ ಮೇಲಿನ ಕೊಳವೆ, ಕಿವಿಯ ಹಿಂದೆ ಕೈಗೆ ಸಿಗುವ ವಾಲ್ವ್, ಚರ್ಮದಡಿ ಹೊಟ್ಟೆಗೆ ಇಳಿಯುವ ಉದ್ದನೆಯ ಕೊಳವೆ. ಮೇಲಿನ ಕೊಳವೆಯ ತೂತುಗಳಿಗೆ ಒಳಗಿನ ಅಂಗಾಂಶ ಬೆಳೆದು ಮುಚ್ಚಿಕೊಳ್ಳುವುದೇ ಹೆಚ್ಚು. ಮಗು ಎತ್ತರ ಬೆಳೆದಂತೆ ಕೆಳಗಿನದು ಗಿಡ್ಡವಾಗುವುದು, ಕುತ್ತಿಗೆಯ ಹತ್ತಿರ ತುಂಡಾಗುವುದು ಆಮೇಲಿನ ವರ್ಷಗಳ ಕಥೆ.

ಸಂಜೆ ಆಡಿ ಬಂದು ‘ತಲೆ ನೋವು’ ಎಂದು ಊಟ ಮಾಡಿ ಮಲಗಿದರೆ ಸಾಮಾನ್ಯವಾಗಿ ಏನೂ ಅಲ್ಲ. ಬೆಳಗಿನ ಜಾವ ಎದ್ದಾಗ ನೋವು, ಜೊತೆಗೆ ವಾಂತಿ, ವಾಂತಿಯಾದ ಮೇಲೆ ಸ್ವಲ್ಪ ಹಗುರ, ಹೀಗೆ ಎರಡು ದಿನ ನಡೆದರೆ ಅದು ಬೇರೆ. ಮಲಗಿದಾಗ ತಲೆಯಿಂದ ರಕ್ತ ಇಳಿಯುವುದು ನಿಧಾನವಾಗುತ್ತದೆ, ನಿದ್ದೆಯಲ್ಲಿ ಉಸಿರು ಮಂದವಾಗಿ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಒತ್ತಡ ಬೆಳಗಿನ ಹೊತ್ತಿಗೆ ಏರುವುದು ಅದಕ್ಕೆ. ಎಬ್ಬಿಸಿದರೂ ಮತ್ತೆ ಮತ್ತೆ ಮಂಪರು, ಎರಡೆರಡು ಕಾಣುವುದು, ಮೇಲೆ ನೋಡಲಾಗದೆ ಕಣ್ಣುಗುಡ್ಡೆ ಕೆಳಗಿಳಿಯುವುದು, ಹೊಸದಾಗಿ ಫಿಟ್ಸ್ ಬಂದರೆ ಆ ರಾತ್ರಿಯೇ ಹೊರಡಿ. ಜ್ವರ, ಕೊಳವೆಯ ದಾರಿಯುದ್ದಕ್ಕೂ ಕೆಂಪು, ಹೊಟ್ಟೆನೋವು ಇದ್ದರೆ ಸೋಂಕು; ಆಪರೇಷನ್ ಆದ ಆರು ತಿಂಗಳೊಳಗೆ ಇದರ ಭಯ ಹೆಚ್ಚು. ವಾಲ್ವನ್ನು ಬೆರಳಲ್ಲಿ ಒತ್ತಿ ‘ಸರಿಯಾಗಿದೆ’ ಎಂದು ತೀರ್ಮಾನಿಸಬೇಡಿ, ಅದು ನಂಬುವಂಥ ಪರೀಕ್ಷೆ ಅಲ್ಲ. ಮಲಬದ್ಧತೆ ಮಾತ್ರ ನೋಡಿಕೊಳ್ಳಿ: ಹೊಟ್ಟೆ ಬಿಗಿದರೆ ಕೆಳಗಿನ ತುದಿಯಲ್ಲಿ ದ್ರವ ಇಳಿಯುವುದಕ್ಕೇ ಕಷ್ಟವಾಗುತ್ತದೆ.

ಮಗು ಚೆನ್ನಾಗಿರುವಾಗಲೇ ಎರಡು ವಸ್ತು ಸಿದ್ಧವಿರಲಿ. ಒಂದು, ಷಂಟ್‌ನ ಹೆಸರು, ವಾಲ್ವಿನ ಬಗೆ, ಒತ್ತಡದ ಸೆಟ್ಟಿಂಗ್, ಆಪರೇಷನ್ ತಾರೀಖು ಬರೆದ ಕಾರ್ಡ್. ಇನ್ನೊಂದು, ಆರೋಗ್ಯವಾಗಿದ್ದಾಗ ತೆಗೆಸಿದ ಸ್ಕ್ಯಾನ್‌ನ ಸಿ.ಡಿ. ಕೆಲವು ಮಕ್ಕಳಲ್ಲಿ ಷಂಟ್ ಕಟ್ಟಿದರೂ ಕೋಣೆಗಳು ಹೆಚ್ಚು ಹಿಗ್ಗುವುದಿಲ್ಲ. ಹಳೆಯದರ ಪಕ್ಕ ಇಟ್ಟು ನೋಡದಿದ್ದರೆ ‘ನಾರ್ಮಲ್’ ಎಂದು ಮನೆಗೆ ಕಳಿಸುವ ಅಪಾಯ ಅಲ್ಲೇ ಇರುವುದು.

ದಾರಿಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿಯನ್ನೂ ಶಿರಾಡಿಯನ್ನೂ ನಂಬಿ ಮಂಗಳೂರಿಗೆ ಲೆಕ್ಕ ಹಾಕಬೇಡಿ. ಗುಡ್ಡ ಕುಸಿದರೆ ಅರ್ಧ ದಾರಿಯಲ್ಲಿ ಉಳಿಯುತ್ತೀರಿ. ಬೇಲೂರಿನ ಮೇಲೆ ಹಾಸನ, ಅಲ್ಲಿಂದ ಬೇಕಾದರೆ ಬೆಂಗಳೂರು, ಇದು ಮಳೆಗಾಲದ ದಾರಿ. ಹೊರಡುವ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ನ್ಯೂರೋಸರ್ಜನ್ ಇದ್ದಾರೆಯೇ, ಸಿ.ಟಿ. ನಡೆಯುತ್ತಿದೆಯೇ. ವಾಹನದಲ್ಲಿ ತಲೆ ಸುಮಾರು 30 ಡಿಗ್ರಿ ಎತ್ತರಕ್ಕಿರಲಿ, ಕತ್ತು ವಾಲದಿರಲಿ. ಆಪರೇಷನ್ ಬೇಕಾಗಬಹುದು, ಅದಕ್ಕೇ ದಾರಿಯಲ್ಲಿ ಇಡ್ಲಿ, ಬಿಸ್ಕತ್ತು ಏನೂ ಬೇಡ. ಮಗು ಎಚ್ಚರ ತಪ್ಪುತ್ತಿದ್ದರೆ, ಒಂದು ಪಾಪೆ ಅಗಲವಾಗಿದ್ದರೆ ಸ್ವಂತ ಕಾರು ಬೇಡ, 108ಕ್ಕೆ ಕರೆ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಒತ್ತಡ ಇಳಿಸುವ ಮ್ಯಾನಿಟಾಲ್ ಅಥವಾ ಗಾಢ ಉಪ್ಪಿನ ಡ್ರಿಪ್ ಕೊಡಿಸಿಕೊಂಡು ಮುಂದೆ ಹೋಗುವುದೇ ಕ್ಷೇಮ.

ಐದು ತಿಂಗಳ ಗಂಡುಮಗು. ತಾಯಿ ಕಾರ್ಡಿನಲ್ಲಿ ತಲೆ ಸುತ್ತಳತೆ ಎರಡನೇ ತಿಂಗಳಲ್ಲಿ 39, ಮೂರೂವರೆಯಲ್ಲಿ 42, ಈಗ 45.5 ಸೆಂ.ಮೀ. ಅಜ್ಜಿ ‘ದೊಡ್ಡ ತಲೆ, ದೊಡ್ಡ ಬುದ್ಧಿ’ ಅನ್ನುತ್ತಾರೆ.
— ಒಬ್ಬ ತಾಯಿ, ಆಲೂರು

ಈ ವಾರವೇ ಮಕ್ಕಳ ತಜ್ಞರಿಗೆ ತೋರಿಸಿ. ಐದು ತಿಂಗಳ ಗಂಡುಮಗುವಿನ ನಡುಮಟ್ಟದ ಅಳತೆ 42.5 ಸೆಂ.ಮೀ. ಸುಮಾರು. ನಮ್ಮ ಚಿಂತೆ 45.5 ಎಂಬ ಸಂಖ್ಯೆಗಿಂತ ಅದು ಏರಿದ ಬಗೆಯ ಮೇಲೆ. ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂ.ಮೀ., ಮುಂದಿನ ಮೂರು ತಿಂಗಳು 1 ಸೆಂ.ಮೀ., ಆಮೇಲೆ ಅರ್ಧ ಸೆಂ.ಮೀ. ಬೆಳೆಯುವುದು ರೂಢಿ. ನಿಮ್ಮ ಮಗು ಒಂದೂವರೆ ತಿಂಗಳಲ್ಲಿ ಮೂರೂವರೆ ಸೆಂ.ಮೀ. ಏರಿದೆ. ಅಪ್ಪನದೋ ಅಮ್ಮನದೋ ತಲೆ ದೊಡ್ಡದಿದ್ದು ಮಗುವಿನದೂ ಮೊದಲಿನಿಂದ ದೊಡ್ಡದಾಗಿ ಗೆರೆಗೆ ಸಮನಾಗಿ ಬೆಳೆದರೆ ಹೆದರಿಕೆ ಕಡಿಮೆ. ಗೆರೆ ದಾಟಿ ಮೇಲೇರುವುದು ಹಾಗಲ್ಲ.

ಅಳತೆ ತಪ್ಪಿದೆಯೇ ಅಂತಲೂ ನೋಡಿ. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಕಿವಿಗಳ ಮೇಲಿಂದ, ಹಿಂದೆ ತಲೆ ಅತಿ ಉಬ್ಬಿದ ಕಡೆಗೆ ಸುತ್ತಿ, ಮೂರು ಸಲ ಅಳೆದು ದೊಡ್ಡದನ್ನು ಬರೆಯಬೇಕು. ನೆತ್ತಿಯ ಮೆತ್ತನೆ ಜಾಗವನ್ನು ಮಗು ಅಳದೆ, ಕೂತ ಭಂಗಿಯಲ್ಲಿರುವಾಗ ಮುಟ್ಟಿ. ಆಗಲೂ ಬಿಗಿದು ಉಬ್ಬಿದ್ದರೆ ಲಕ್ಷಣ ಕೆಟ್ಟದ್ದು. ನೆತ್ತಿ ಇನ್ನೂ ತೆರೆದಿರುವುದರಿಂದ ಅಲ್ಲಿಂದಲೇ ಅಲ್ಟ್ರಾಸೌಂಡ್ ಮಾಡಬಹುದು. ವಿಕಿರಣ ಇಲ್ಲ, ನಿದ್ದೆ ಔಷಧಿ ಬೇಡ. ಎಣ್ಣೆ ಹಚ್ಚಿ ನೀರೆರೆಯಿರಿ, ತೊಂದರೆಯಿಲ್ಲ. ‘ಗುಂಡಗೆ ಬರಲಿ’ ಅಂತ ಒತ್ತುವುದು ಬೇಡ. ಬರೆ ಹಾಕಿಸುವ ಮಾತಂತೂ ಎತ್ತಲೇಬೇಡಿ. ಎಳೆಯ ಬುರುಡೆ ಹಿಗ್ಗಿಕೊಟ್ಟು ಒತ್ತಡವನ್ನು ಮರೆಮಾಚುತ್ತದೆ. ಅಷ್ಟರಲ್ಲಿ ಒಳಗಿನ ತಂತುಗಳು ಎಳೆಯುತ್ತಲೇ ಇರುತ್ತವೆ, ಮಗು ಮಾತ್ರ ನಗುನಗುತ್ತಾ ಇರುತ್ತದೆ.

ಹದಿನಾಲ್ಕು ವರ್ಷದ ಮಗಳು, ತೂಕ ಹೆಚ್ಚು. ಮೊಡವೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ತಲೆನೋವು ಅಂತ ಹೋದರೆ ಗಡ್ಡೆ ಇಲ್ಲ, ಒತ್ತಡ ಮಾತ್ರ ಹೆಚ್ಚು ಅಂದರು. ಮಾತ್ರೆ ಶುರುವಾದ ಮೇಲೆ ಬೆರಳು ಜುಮ್ಮೆನ್ನುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ ಅನ್ನುತ್ತಾಳೆ.
— ಹಾಸನ

ಇಲ್ಲಿ ಮೊದಲು ಕಾಯಬೇಕಾದ್ದು ಕಣ್ಣನ್ನು. ಕಣ್ಣಿನ ನರ ಊದಿ ದೃಷ್ಟಿಯ ಅಂಚು ಸದ್ದಿಲ್ಲದೆ ಕಳೆದುಹೋಗಬಹುದು. ಬೋರ್ಡಿನ ಅಕ್ಷರ ಸ್ಪಷ್ಟವಿದ್ದರೂ ದೃಷ್ಟಿಕ್ಷೇತ್ರದ ಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಿ. ಬಗ್ಗಿ ಎದ್ದಾಗ ಕ್ಷಣಕಾಲ ಕತ್ತಲು, ಕಿವಿಯಲ್ಲಿ ನಾಡಿಯ ಸದ್ದು ಹೊಸದಾಗಿ ಬಂದರೆ ಕಾಯಬೇಡಿ.

ಮೊಡವೆಯ ಐಸೊಟ್ರೆಟಿನಾಯಿನ್, ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮೂರೂ ಈ ಒತ್ತಡ ತರಬಲ್ಲವು. ಚೀಟಿ ಒಯ್ದು ನರತಜ್ಞರಿಗೆ ತೋರಿಸಿ. ಸೊಂಟದಿಂದ ದ್ರವದ ಒತ್ತಡ ಅಳೆದಿದ್ದರೆ ಸಂಖ್ಯೆ ಕೇಳಿಟ್ಟುಕೊಳ್ಳಿ: ಮಕ್ಕಳಲ್ಲಿ 28 ಸೆಂ.ಮೀ. ನೀರಿನ ಮಟ್ಟ ಮೀರಿದರೆ ಹೆಚ್ಚು ಎಂದು ಲೆಕ್ಕ. ತೂಕ ಹೆಚ್ಚಿರದ, ನಿದ್ದೆ ಔಷಧಿ ಕೊಡದ ಮಗುವಿಗೆ 25. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂಬುದನ್ನೂ ಸ್ಕ್ಯಾನ್‌ನಲ್ಲಿ ನೋಡಿರಬೇಕು.

ಜುಮ್ಮೆನ್ನುವುದು ಒತ್ತಡ ಇಳಿಸಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಗುಣ, ಸೋಡಾ ರುಚಿ ಕೆಡುವುದೂ ಅದರಿಂದಲೇ. ಅದಕ್ಕಾಗಿ ಬಿಡಬೇಡಿ. ಕೊಟ್ಟಿರುವುದು ಟೋಪಿರಮೇಟ್ ಆಗಿದ್ದರೆ ಮಾತ್ರ ಅವಳ ದೂರಿಗೆ ಬೆಲೆ ಕೊಡಬೇಕು: ಪದ ನೆನಪಾಗದಿರುವುದು, ಯೋಚನೆ ನಿಧಾನವಾಗುವುದು ಆ ಮಾತ್ರೆಯಿಂದಲೇ ಬರಬಹುದು, ಡೋಸು ಬದಲಿಸಿದರೆ ಹೋಗಬಹುದು. ಉಳಿದಂತೆ ದಿನವಿಡೀ ತಲೆನೋವು, ಕೆಟ್ಟ ನಿದ್ದೆ, ಒತ್ತಡ ಮೂರೂ ಗಮನವನ್ನು ತಿನ್ನುತ್ತವೆ. ಒತ್ತಡ ಇಳಿದಂತೆ ಅದು ಸುಧಾರಿಸಬಹುದು. ಗೊರಕೆ ಹೊಡೆಯುತ್ತಾಳೆಯೇ ನೋಡಿ, ನಿದ್ದೆಯಲ್ಲಿ ಉಸಿರು ಕಟ್ಟುವುದೂ ಇದರ ಜೊತೆಗಾರ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಇಳಿದರೆ ಉಪಕಾರವಿದೆ. ಉಪವಾಸ ಹಾಕಿಸಬೇಡಿ, ಬೆಳೆಯುವ ವಯಸ್ಸು.

ಚುಟುಕು ಉತ್ತರಗಳು

ಬೇಲೂರು: *ಷಂಟ್ ಬದಲು ದುರ್ಬೀನಿನಲ್ಲಿ ತೂತು ಮಾಡುವ ಆಪರೇಷನ್ ಆಗುತ್ತದೆಯೇ?* ಮೂರನೇ ಕೋಣೆಯ ತಳದಲ್ಲಿ ದಾರಿ ತೆರೆಯುವ ಆಪರೇಷನ್ ಅದು. ನಡುವಿನ ಕಿರುದಾರಿ ಕಟ್ಟಿದ, ವರ್ಷ ದಾಟಿದ ಮಕ್ಕಳಲ್ಲಿ ಚೆನ್ನಾಗಿ ಫಲಿಸುತ್ತದೆ. ಆರು ತಿಂಗಳೊಳಗಿನ ಮಕ್ಕಳಲ್ಲೂ, ಮಿದುಳುಪೊರೆಯ ಸೋಂಕಿನ ನಂತರವೂ ಫಲ ಕಡಿಮೆ. ಆ ತೂತೂ ಮುಚ್ಚಿಕೊಳ್ಳಬಹುದು, ಎಚ್ಚರ ಅಷ್ಟೇ ಬೇಕು.

ಅರಸೀಕೆರೆ: *ನೆನಪಿನ ಶಕ್ತಿಗೆ ಪುಡಿ ಕೊಡುತ್ತಾರೆ, ಕೊಡಲೇ?* ಹಿಗ್ಗಿದ ತಂತುಗಳನ್ನು ಸರಿಪಡಿಸುವ ಪುಡಿ ಇಲ್ಲ. ಹೆಸರು, ಪದಾರ್ಥದ ಪಟ್ಟಿ ಇಲ್ಲದ ಪೊಟ್ಟಣದಲ್ಲಿ ಸೀಸ ಇದ್ದರೆ, ಸೀಸವೇ ತಲೆಯ ಒತ್ತಡ ಏರಿಸುವ ವಿಷ.

ಸಕಲೇಶಪುರ: *ಮಗು ಒಂದೇ ಪಕ್ಕ ಮಲಗಿ ತಲೆ ಚಪ್ಪಟೆ.* ಚಪ್ಪಟೆಯಾದ ಕಡೆಯ ಕಿವಿ ಮುಂದಕ್ಕೆ ಸರಿದಿದ್ದರೆ ಮಲಗುವ ಭಂಗಿಯದ್ದು, ಒತ್ತಡದ್ದಲ್ಲ. ಎಚ್ಚರವಿದ್ದಾಗ ಬೋರಲು ಹಾಕಿ ಆಡಿಸಿ. ತಲೆ ದೋಣಿಯಂತೆ ಉದ್ದವಾಗಿ, ನಡುನೆತ್ತಿಯಲ್ಲಿ ಏಣು ಸಿಕ್ಕರೆ ಬುರುಡೆಯ ಹೊಲಿಗೆ ಮೊದಲೇ ಬೆಸೆದಿರಬಹುದು. ಆ ಆಪರೇಷನ್‌ಗೆ ಮೊದಲ ವರ್ಷವೇ ಸರಿಯಾದ ಕಾಲ, ತಡ ಮಾಡಬೇಡಿ.

ಚನ್ನರಾಯಪಟ್ಟಣ: *ಮೊದಲ ಮಗುವಿಗೆ ಬೆನ್ನುಹುರಿ ತೆರೆದು, ತಲೆಯಲ್ಲಿ ನೀರಿತ್ತು. ಇನ್ನೊಂದು ಮಗು ಬೇಕು.* ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭದ 28ನೇ ದಿನದೊಳಗೆ, ಎಷ್ಟೋ ಸಲ ಬಸುರಾದದ್ದು ತಿಳಿಯುವ ಮೊದಲೇ. ಇದನ್ನು ತಡೆಯಲು ಕೊಡುವ ಫೋಲಿಕ್ ಆಸಿಡ್‌ನ ಸಾಮಾನ್ಯ ಡೋಸು ನಿಮಗೆ ಸಾಲದು. ವೈದ್ಯರನ್ನು ಕೇಳಿ ದಿನಕ್ಕೆ 5 ಮಿ.ಗ್ರಾಂ. ಫೋಲಿಕ್ ಆಸಿಡ್ ಅನ್ನು ಬಸುರಿಗೆ ಮೂರು ತಿಂಗಳು ಮುಂಚೆಯೇ ಶುರು ಮಾಡಿ, 12ನೇ ವಾರದವರೆಗೆ ತೆಗೆದುಕೊಳ್ಳಿ. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ.

ತರೀಕೆರೆ: *ಮೊಬೈಲ್, ಅಯಸ್ಕಾಂತದಿಂದ ಷಂಟ್ ಕೆಡುತ್ತದೆಯೇ? ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಬಹುದೇ?* ಹೊರಗಿನಿಂದ ಸೆಟ್ಟಿಂಗ್ ಬದಲಿಸುವ ವಾಲ್ವ್ ಆಗಿದ್ದರೆ ಸ್ಪೀಕರ್, ಆಟಿಕೆಯ ಅಯಸ್ಕಾಂತ, ಮೊಬೈಲನ್ನು ಅದರ ಮೇಲೆಯೇ ಇಡಬೇಡಿ, ಎಂ.ಆರ್.ಐ. ಆದ ಮೇಲೆ ಸೆಟ್ಟಿಂಗ್ ಪರೀಕ್ಷಿಸಿ. ಮಾಮೂಲಿ ವಾಲ್ವಿಗೆ ಆ ಯೋಚನೆ ಇಲ್ಲ. ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರ ಷಂಟ್‌ಗೆ ಏನೂ ಅಲ್ಲ, ಹೋಗಿಬನ್ನಿ. ತಿರುವಿನಲ್ಲಿ ವಾಂತಿಯಾದರೆ ಅದು ರಸ್ತೆಯದ್ದು. ಮಾರನೇ ಬೆಳಿಗ್ಗೆ ಮನೆಯಲ್ಲೂ ಆದರೆ ಮೇಲಿನ ಮೂಡಿಗೆರೆಯ ಉತ್ತರ ಇನ್ನೊಮ್ಮೆ ಓದಿ.